ಎರಡು ಪ್ರದೇಶಗಳ ಆರ್ಕೇಡ್ ಉಂಟು, ಮನೆಯ ಆವೃತ್ತಿಗಳಿಲ್ಲ: ‘ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ ಫೈಟಿಂಗ್ ಕಲೆಕ್ಷನ್’ ವಿಮರ್ಶೆ

ಹಳೆಯ ಆರ್ಕೇಡ್ (ನಾಣ್ಯ ಹಾಕಿ ಆಡುವ ಸಾರ್ವಜನಿಕ ಆಟದ ಯಂತ್ರ) ಫೈಟಿಂಗ್ ಗೇಮ್‌ಗಳ ಸಂಕಲನ ಹೊರಬಂದಾಗಲೆಲ್ಲ ನಾನು ಮೊದಲು ಹುಡುಕುವುದು ಅದರಲ್ಲಿ ಪ್ರತಿ ಆಟದ ಯಾವ ಆವೃತ್ತಿಯನ್ನು ಕೊಟ್ಟಿದ್ದಾರೆ ಎಂಬ ವಿವರವನ್ನು. ತೊಂಬತ್ತರ ದಶಕದಲ್ಲಿ ಒಂದೇ ಹೆಸರಿನ ಆಟ ಜಪಾನಿನ ಆರ್ಕೇಡ್‌ನಲ್ಲಿ ಒಂದು ಬಗೆಯಾಗಿ, ಅಮೆರಿಕದ ಆರ್ಕೇಡ್‌ನಲ್ಲಿ ಮತ್ತೊಂದು ಬಗೆಯಾಗಿ ಇರುತ್ತಿತ್ತು. ಅದೇ ಆಟ ಮನೆಯ ಟಿವಿಗೆ ಜೋಡಿಸುವ ಪ್ಲೇಸ್ಟೇಷನ್ ಕನ್ಸೋಲ್‌ಗೆ ಬಂದಾಗ ಇನ್ನಷ್ಟು ಬದಲಾಗಿ, ಅಂಥದೇ ಇನ್ನೊಂದು ಯಂತ್ರವಾದ ಸೆಗಾ ಸ್ಯಾಟರ್ನ್‌ಗೆ ಬಂದಾಗ ಬೇರೆಯೇ ಆಗಿ ಕಾಣುತ್ತಿತ್ತು. ಆದ್ದರಿಂದ ಇಬ್ಬರು ಒಂದೇ ಆಟವನ್ನು ಆಡಿ ಬೆಳೆದಿದ್ದೇವೆಂದು ಹೇಳಿಕೊಂಡರೂ ಅವರ ನೆನಪಿನಲ್ಲಿರುವ ಪಾತ್ರಗಳು, ವೇಗ, ನಿಯಮಗಳು ಎಷ್ಟೋ ಸಲ ಹೊಂದುವುದಿಲ್ಲ. ಕ್ಯಾಪ್‌ಕಾಮ್ ಸಂಸ್ಥೆಯ ‘ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ ಫೈಟಿಂಗ್ ಕಲೆಕ್ಷನ್: ಆರ್ಕೇಡ್ ಕ್ಲಾಸಿಕ್ಸ್’ ಈ ಗೊಂದಲದ ಅರ್ಧ ಭಾಗವನ್ನು ಅಚ್ಚುಕಟ್ಟಾಗಿ ಬಿಡಿಸಿದೆ. ಉಳಿದರ್ಧವನ್ನು ಅದು ಮುಟ್ಟಿಯೂ ಇಲ್ಲ.

2024ರ ಸೆಪ್ಟೆಂಬರ್ 12ರಂದು ಪ್ಲೇಸ್ಟೇಷನ್ 4, ನಿಂಟೆಂಡೊ ಸ್ವಿಚ್ ಮತ್ತು ಸ್ಟೀಮ್‌ಗೆ (ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿ) ಬಂದ ಈ ಸಂಕಲನದಲ್ಲಿ ಏಳು ಆಟಗಳಿವೆ. 1994ರ ‘ಎಕ್ಸ್-ಮೆನ್: ಚಿಲ್ಡ್ರನ್ ಆಫ್ ದಿ ಆಟಮ್’, 1995ರ ‘ಮಾರ್ವೆಲ್ ಸೂಪರ್ ಹೀರೋಸ್’, 1996ರ ‘ಎಕ್ಸ್-ಮೆನ್ ವರ್ಸಸ್ ಸ್ಟ್ರೀಟ್ ಫೈಟರ್’, 1997ರ ‘ಮಾರ್ವೆಲ್ ಸೂಪರ್ ಹೀರೋಸ್ ವರ್ಸಸ್ ಸ್ಟ್ರೀಟ್ ಫೈಟರ್’, 1998ರ ‘ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್’ ಮತ್ತು 2000ದ ‘ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ 2’ ಎಂಬ ಆರು ಫೈಟಿಂಗ್ ಗೇಮ್‌ಗಳ ಜೊತೆಗೆ, ಬೀದಿಯುದ್ದಕ್ಕೂ ಶತ್ರುಗಳನ್ನು ಹೊಡೆಯುತ್ತ ಸಾಗುವ 1993ರ ‘ದಿ ಪನಿಷರ್’ ಕೂಡ ಸೇರಿದೆ. ಎಲ್ಲವೂ ಆರ್ಕೇಡ್ ಆವೃತ್ತಿಗಳು. ಇಂಗ್ಲಿಷ್ ಆವೃತ್ತಿಯನ್ನು ಆಡಬೇಕೋ ಜಪಾನಿ ಆವೃತ್ತಿಯನ್ನು ಆಡಬೇಕೋ ಎಂಬುದನ್ನು ಆಟಗಾರನೇ ಆರಿಸಿಕೊಳ್ಳಬಹುದು. ಈ ಆಯ್ಕೆ ಎಷ್ಟು ಮುಖ್ಯವೆಂಬುದನ್ನು ಹೇಳುವ ಮೊದಲು, ಈ ಆಟಗಳು ಮನೆಗೆ ಬರುವಾಗ ಏನೇನು ಕಳೆದುಕೊಂಡಿದ್ದವು ಎಂಬುದನ್ನು ನೋಡಬೇಕು. ಸಂಕಲನದ ನಿಜವಾದ ಬೆಲೆ ಗೊತ್ತಾಗುವುದು ಅಲ್ಲಿಯೇ.

ಆರು ಫೈಟಿಂಗ್ ಗೇಮ್‌ಗಳಲ್ಲಿ ಮೊದಲ ಐದು ಕ್ಯಾಪ್‌ಕಾಮ್‌ನ ಸಿಪಿಎಸ್-2 ಎಂಬ, ಆರ್ಕೇಡ್ ಯಂತ್ರದೊಳಗಿನ ಸರ್ಕ್ಯೂಟ್ ಬೋರ್ಡ್‌ಗಾಗಿ ತಯಾರಾದವು. ಆ ಬೋರ್ಡ್‌ನಲ್ಲಿ ಪ್ರತಿ ಪಾತ್ರದ ಪ್ರತಿ ಚಲನೆಯ ಚಿತ್ರವೂ ಅಳಿಯದ ಮೆಮೊರಿ ಚಿಪ್‌ಗಳಲ್ಲಿ ಸಿದ್ಧವಾಗಿ ಕುಳಿತಿರುತ್ತದೆ; ಎಕ್ಸ್-ಮೆನ್‌ನ ವೊಲ್ವರಿನ್ ಜಿಗಿದರೂ ಸ್ಟ್ರೀಟ್ ಫೈಟರ್‌ನ ರ್ಯು ಬೆಂಕಿಯುಂಡೆ ಎಸೆದರೂ ಯಂತ್ರ ಬೇಕಾದ ಚಿತ್ರವನ್ನು ಆ ಕ್ಷಣದಲ್ಲೇ ನೇರವಾಗಿ ಓದಿ ತೆರೆಗೆ ತರುತ್ತದೆ. ಆ ಕಾಲದ ಮನೆಯ ಕನ್ಸೋಲ್‌ಗಳ ವ್ಯವಸ್ಥೆ ಹಾಗಿರಲಿಲ್ಲ. ಮೊದಲ ಪ್ಲೇಸ್ಟೇಷನ್ ಆಟವನ್ನು ಸಿಡಿಯಿಂದ ಓದುತ್ತಿತ್ತು. ಸಿಡಿ ಡ್ರೈವ್‌ನ ವೇಗ ಸೆಕೆಂಡಿಗೆ ಸುಮಾರು 300 ಕಿಲೋಬೈಟ್. ಯಂತ್ರದ ಮುಖ್ಯ ಮೆಮೊರಿ 2 ಮೆಗಾಬೈಟ್, ಚಿತ್ರಗಳಿಗೆಂದು ಮೀಸಲಾದ ಮೆಮೊರಿ 1 ಮೆಗಾಬೈಟ್. ಆ ಮುಖ್ಯ ಮೆಮೊರಿಯನ್ನು ಒಂದು ಸಲ ತುಂಬಿಸಲು ಸುಮಾರು ಏಳು ಸೆಕೆಂಡು ಹಿಡಿಯುತ್ತದೆ ಎಂದರೆ, ಜಗಳದ ನಡುವೆ ಹೊಸ ಪಾತ್ರವೊಂದನ್ನು ಸಿಡಿಯಿಂದ ಕರೆತರುವ ಮಾತೇ ಇಲ್ಲ. ಆಟ ಶುರುವಾಗುವ ಮೊದಲೇ ಬೇಕಾದುದನ್ನೆಲ್ಲ ಮೆಮೊರಿಗೆ ತುಂಬಿಕೊಂಡಿರಬೇಕು, ಹಿಡಿಸದಿದ್ದರೆ ಏನನ್ನಾದರೂ ಕತ್ತರಿಸಬೇಕು.

ಇಬ್ಬರು ಪಾತ್ರಗಳು ಎದುರುಬದುರಾಗುವ ಆಟಗಳಲ್ಲಿ ಈ ಕತ್ತರಿ ಚಲನೆಯ ಫ್ರೇಮ್‌ಗಳ (ಒಂದೊಂದು ಬಿಡಿಚಿತ್ರದ) ಮೇಲೆ ಬೀಳುತ್ತಿತ್ತು. ನಡಿಗೆ ಸ್ವಲ್ಪ ಒರಟಾಗುತ್ತಿತ್ತು, ಹಿನ್ನೆಲೆಯ ಜೀವ ಕೊಂಚ ಕುಗ್ಗುತ್ತಿತ್ತು, ಆದರೆ ಆಟದ ತಿರುಳು ಉಳಿಯುತ್ತಿತ್ತು. ‘ಎಕ್ಸ್-ಮೆನ್ ವರ್ಸಸ್ ಸ್ಟ್ರೀಟ್ ಫೈಟರ್’ ಬಂದಾಗ ತಿರುಳಿಗೇ ಕುತ್ತು ಬಂತು. ಆ ಆಟದ ಹೊಸತನವಿದ್ದುದು ತಂಡದ ಕಲ್ಪನೆಯಲ್ಲಿ: ಪ್ರತಿ ಆಟಗಾರನೂ ಇಬ್ಬರನ್ನು ಆರಿಸುತ್ತಾನೆ, ಬೇಕೆಂದಾಗ ಒಬ್ಬನನ್ನು ಹಿಂದೆ ಕಳಿಸಿ ಇನ್ನೊಬ್ಬನನ್ನು ಕಣಕ್ಕಿಳಿಸುತ್ತಾನೆ, ಹಿಂದೆ ಸರಿದವನು ಕಳೆದುಕೊಂಡ ಶಕ್ತಿಯ ಒಂದು ಪಾಲನ್ನು ಅಲ್ಲಿ ನಿಧಾನವಾಗಿ ತುಂಬಿಕೊಳ್ಳುತ್ತಾನೆ. ಯಾವ ಹೊತ್ತಿಗೆ ಜೊತೆಗಾರನನ್ನು ಕರೆಯಬೇಕು, ಬರುತ್ತಿರುವ ಎದುರಾಳಿಯನ್ನು ಎಲ್ಲಿ ಕಾದು ಹಿಡಿಯಬೇಕು ಎಂಬ ಲೆಕ್ಕಾಚಾರವೇ ಆ ಆಟದ ಜೀವಾಳ. ಇದಕ್ಕಾಗಿ ನಾಲ್ಕು ಪಾತ್ರಗಳ ಚಿತ್ರಗಳೆಲ್ಲ ಸದಾ ಕೈಗೆಟುಕುವಂತಿರಬೇಕು. ಸಿಪಿಎಸ್-2ಕ್ಕೆ ಅದು ಹೊರೆಯಾಗಲಿಲ್ಲ. ಪ್ಲೇಸ್ಟೇಷನ್‌ಗೆ ಅದು ಅಸಾಧ್ಯವಾಯಿತು.

ಜಪಾನಿನಲ್ಲಿ ‘ಇಎಕ್ಸ್ ಎಡಿಷನ್’ ಎಂಬ ಉಪನಾಮ ಪಡೆದು 1998ರಲ್ಲಿ ಬಂದ ಪ್ಲೇಸ್ಟೇಷನ್ ಆವೃತ್ತಿಯಲ್ಲಿ ಹಾಗಾಗಿ ಪಾತ್ರ ಬದಲಾಯಿಸುವ ಸೌಲಭ್ಯವನ್ನೇ ತೆಗೆದುಹಾಕಲಾಯಿತು. ಜೊತೆಗಾರ ಕೆಲವು ವಿಶೇಷ ದಾಳಿಗಳ ಹೊತ್ತಿಗೆ ಮಾತ್ರ ಬಂದು ಹೋಗುತ್ತಾನೆ. ಉಳಿದಂತೆ ಅದು ಒಬ್ಬರಿಗೊಬ್ಬರು ಎದುರಾಗುವ ಸಾಮಾನ್ಯ ಜಗಳ. ಜಪಾನಿನ ಹೊರಗೆ ಈ ಆಟವನ್ನು ಮನೆಯಲ್ಲಿ ಆಡಿದವರಿಗೆ ಅಂದು ಅಧಿಕೃತವಾಗಿ ಸಿಕ್ಕಿದ್ದು ಇದೊಂದೇ, ಹೀಗಾಗಿ ಅನೇಕರು ಆಟದ ಹೆಸರನ್ನು ಬಲ್ಲರೇ ಹೊರತು ಆಟವನ್ನು ಬಲ್ಲವರಲ್ಲ. ಇದನ್ನು ನಾನು ಕಟುವಾಗಿ ಹೇಳುತ್ತಿಲ್ಲ. ಆ ಯಂತ್ರದಲ್ಲಿ ಅದಕ್ಕಿಂತ ಹೆಚ್ಚಿನದನ್ನು ಮಾಡುವುದು ಕಷ್ಟವಿತ್ತು.

ಜಪಾನಿನಲ್ಲಿ ಮಾತ್ರ ಇನ್ನೊಂದು ದಾರಿ ತೆರೆದಿತ್ತು. 1997ರ ನವೆಂಬರ್‌ನಲ್ಲಿ ಅಲ್ಲಿ ಬಿಡುಗಡೆಯಾದ ಸೆಗಾ ಸ್ಯಾಟರ್ನ್ ಆವೃತ್ತಿಯೊಂದಿಗೆ 4 ಮೆಗಾಬೈಟ್‌ನ ಹೆಚ್ಚುವರಿ ಮೆಮೊರಿ ಕಾರ್ಟ್ರಿಡ್ಜ್ ಸಿಗುತ್ತಿತ್ತು. ಯಂತ್ರದ ಹಿಂಭಾಗದ ಸ್ಲಾಟ್‌ಗೆ ಅದನ್ನು ಸಿಕ್ಕಿಸಿದರೆ, 2 ಮೆಗಾಬೈಟ್‌ನ ಮುಖ್ಯ ಮೆಮೊರಿಯಷ್ಟೇ ಇದ್ದ ಸ್ಯಾಟರ್ನ್‌ಗೆ ನಾಲ್ಕೂ ಪಾತ್ರಗಳನ್ನು ಒಟ್ಟಿಗೆ ಹಿಡಿದಿಟ್ಟುಕೊಳ್ಳುವ ಜಾಗ ದೊರೆಯುತ್ತಿತ್ತು. ಪಾತ್ರ ಬದಲಾವಣೆ ಆರ್ಕೇಡ್‌ನಂತೆಯೇ ಕ್ಷಣಮಾತ್ರದಲ್ಲಿ ನಡೆಯಿತು, ಚಲನೆಯ ಫ್ರೇಮ್‌ಗಳೂ ಬಹುಮಟ್ಟಿಗೆ ಉಳಿದವು. ಆದರೆ ಆ 4 ಮೆಗಾಬೈಟ್ ಕಾರ್ಟ್ರಿಡ್ಜ್ ಜಪಾನಿನ ಹೊರಗೆ ಅಧಿಕೃತವಾಗಿ ಮಾರಾಟವಾಗಲೇ ಇಲ್ಲ. ಸ್ಯಾಟರ್ನ್ ಯಂತ್ರಗಳಿಗೆ ಪ್ರದೇಶದ ಬೀಗವೂ ಇತ್ತು, ಅಂದರೆ ಒಂದು ಪ್ರದೇಶದ ಡಿಸ್ಕ್ ಇನ್ನೊಂದು ಪ್ರದೇಶದ ಯಂತ್ರದಲ್ಲಿ ಓಡುತ್ತಿರಲಿಲ್ಲ. ಒಂದು ಸಣ್ಣ ಪ್ಲಾಸ್ಟಿಕ್ ಪೆಟ್ಟಿಗೆ ಯಾವ ದೇಶದಲ್ಲಿ ಮಾರಾಟವಾಯಿತು ಎಂಬುದರ ಮೇಲೆ ಒಂದು ಆಟದ ಮೂಲ ನಿಯಮ ಉಳಿಯಿತೋ ಅಳಿಯಿತೋ ಎಂಬುದು ತೀರ್ಮಾನವಾದ ಉದಾಹರಣೆಗಳಲ್ಲಿ ಇಷ್ಟು ಸ್ಪಷ್ಟವಾದದ್ದು ನನಗೆ ಬೇರೆ ಗೊತ್ತಿಲ್ಲ.

ಈ ಹಿನ್ನೆಲೆಯಲ್ಲಿ ಸಂಕಲನದ ‘ಎಕ್ಸ್-ಮೆನ್ ವರ್ಸಸ್ ಸ್ಟ್ರೀಟ್ ಫೈಟರ್’ ಅನ್ನು ತೆರೆದಾಗ ಆಗುವ ಸಂತೋಷವನ್ನು ಅಳೆದು ಹೇಳುವುದು ಕಷ್ಟ. ಎರಡೂ ಕಡೆಯ ಜೋಡಿಗಳು ಒಟ್ಟಾಗಿ ಮಹಾದಾಳಿ ಮಾಡುವಾಗ ನಾಲ್ಕು ದೊಡ್ಡ ಪಾತ್ರಗಳು ತೆರೆಯನ್ನು ತುಂಬುತ್ತವೆ, ಎಲ್ಲಿಯೂ ಚಲನೆ ತಡವರಿಸುವುದಿಲ್ಲ, ಪಂದ್ಯಗಳ ನಡುವೆ ಸಿಡಿಗಾಗಿ ಕಾಯುವ ಕಪ್ಪು ತೆರೆ ಇಲ್ಲ. ಇದರ ಮುಂದಿನ ‘ಮಾರ್ವೆಲ್ ಸೂಪರ್ ಹೀರೋಸ್ ವರ್ಸಸ್ ಸ್ಟ್ರೀಟ್ ಫೈಟರ್’ ಆಟಕ್ಕೂ ಇದೇ ಮಾತು ಹೊಂದುತ್ತದೆ. ಅದು ಕೂಡ ಮನೆಯಲ್ಲಿ ಪೂರ್ಣರೂಪದಲ್ಲಿ ಸಿಕ್ಕಿದ್ದು ಜಪಾನಿನ ಸ್ಯಾಟರ್ನ್‌ನಲ್ಲಿ ಮಾತ್ರ. ಸಂಕಲನದಲ್ಲಿ ಇವೆರಡೇ ಇದ್ದಿದ್ದರೂ ನಾನು ಕೊಳ್ಳಲು ಹಿಂಜರಿಯುತ್ತಿರಲಿಲ್ಲ.

ಇನ್ನು ಪ್ರದೇಶದ ವ್ಯತ್ಯಾಸಗಳ ವಿಷಯ. ಸಿಪಿಎಸ್-2 ಆಟಗಳ ಪೆಟ್ಟಿಗೆಗಳು ಮಾರುಕಟ್ಟೆಗೆ ತಕ್ಕಂತೆ ಬೇರೆ ಬೇರೆ ಬಣ್ಣದಲ್ಲಿ ಬರುತ್ತಿದ್ದವು. ಜಪಾನಿನದು ಹಸಿರು, ಅಮೆರಿಕ ಮತ್ತು ಯುರೋಪಿನದು ನೀಲಿ. ಒಳಗಿನ ಪ್ರೋಗ್ರಾಂ ಕೂಡ ಬೇರೆಯೇ. ಕೆಲವೊಮ್ಮೆ ಭಾಷೆ ಮತ್ತು ಹೆಸರುಗಳಷ್ಟೇ ಬದಲಾಗುತ್ತಿದ್ದವು: ಬಾಕ್ಸಿಂಗ್ ಪಾತ್ರ ಮೈಕ್ ಟೈಸನ್ ಅವರನ್ನು ಹೋಲುತ್ತದೆಂಬ ಅಳುಕಿನಿಂದ 1991ರ ‘ಸ್ಟ್ರೀಟ್ ಫೈಟರ್ 2’ ಜಪಾನಿನ ಹೊರಗೆ ಹೋಗುವಾಗ ಮೂವರ ಹೆಸರುಗಳನ್ನು ಅದಲುಬದಲು ಮಾಡಿದರು, ಹೀಗಾಗಿ ಜಪಾನಿ ಆವೃತ್ತಿಯ ವೇಗಾ ಇಂಗ್ಲಿಷ್ ಆವೃತ್ತಿಯಲ್ಲಿ ಎಂ. ಬೈಸನ್ ಆಗಿ ಇಲ್ಲಿಯೂ ಮುಂದುವರಿದಿದ್ದಾನೆ. ಅಕುಮಾ ಎಂಬ ಪಾತ್ರದ ಹೆಸರು ಜಪಾನಿನಲ್ಲಿ ಗೌಕಿ. ಆಟ ಆಡುವವನಿಗೆ ಇವು ಮೇಲ್ಮೈಯ ಸಂಗತಿಗಳು.

ಮೇಲ್ಮೈಯಲ್ಲಿ ನಿಲ್ಲದ ಉದಾಹರಣೆ ನೊರಿಮಾರೊ. ಜಪಾನಿನ ಹಾಸ್ಯನಟ ನೊರಿಟಾಕೆ ಕಿನಾಶಿ ಅವರ ಕಲ್ಪನೆಯಿಂದ ಹುಟ್ಟಿದ ಈ ಪಾತ್ರ ‘ಮಾರ್ವೆಲ್ ಸೂಪರ್ ಹೀರೋಸ್ ವರ್ಸಸ್ ಸ್ಟ್ರೀಟ್ ಫೈಟರ್’ ಆಟದ ಜಪಾನಿ ಆವೃತ್ತಿಯಲ್ಲಿ ಮಾತ್ರ ಇತ್ತು. ಮಹಾಬಲಶಾಲಿ ನಾಯಕರ ನಡುವೆ ಕ್ಯಾಮೆರಾ ತೂಗುಹಾಕಿಕೊಂಡು ಅಭಿಮಾನಿಯಂತೆ ನುಗ್ಗುವ ಈ ಪೀಚಲು ಮನುಷ್ಯನನ್ನು ವಿದೇಶಗಳಿಗೆ ಹೋದ ಆರ್ಕೇಡ್ ಆವೃತ್ತಿಯಿಂದಲೂ, ಅಲ್ಲಿನ ಪ್ಲೇಸ್ಟೇಷನ್ ಆವೃತ್ತಿಯಿಂದಲೂ ತೆಗೆದುಹಾಕಲಾಗಿತ್ತು. ಈ ಸಂಕಲನದ ಮೂಲಕ ಅವನು ಜಪಾನಿನ ಹೊರಗಿನವರಿಗೂ ಅಧಿಕೃತವಾಗಿ ಸಿಕ್ಕಿದ್ದಾನೆ. ಅವನನ್ನು ಬರಿಯ ತಮಾಷೆಯೆಂದು ತಳ್ಳಿಹಾಕುವವರಿದ್ದಾರೆ; ನನಗೆ ಹಾಗೆ ಕಾಣುವುದಿಲ್ಲ. ಪಾತ್ರಗಳ ಪಟ್ಟಿಯಲ್ಲಿ ಒಬ್ಬ ಹೆಚ್ಚಾದರೆ ಜೋಡಿಗಳ ಸಾಧ್ಯತೆಗಳು ಹೆಚ್ಚುತ್ತವೆ, ಎದುರಿಸಲು ಕಲಿಯಬೇಕಾದ ದಾಳಿಗಳು ಹೆಚ್ಚುತ್ತವೆ, ಆಟ ಅಷ್ಟರಮಟ್ಟಿಗೆ ಬೇರೆಯಾಗುತ್ತದೆ. ‘ಮಾರ್ವೆಲ್ ಸೂಪರ್ ಹೀರೋಸ್’ ಆಟದ ಜಪಾನಿ ಆವೃತ್ತಿಯಲ್ಲಿ ಅಡಗಿರುವ ಅನಿತಾ ಎಂಬ ಬಾಲಕಿಯ ಪಾತ್ರವೂ ಇದೇ ಬಗೆಯದು.

ಪ್ರದೇಶ ಬದಲಾದರೆ ಎದುರಾಳಿ ಯಂತ್ರದ ಸ್ವಭಾವವೂ ಬದಲಾಗುತ್ತಿದ್ದುದುಂಟು. 1994ರ ‘ಸೂಪರ್ ಸ್ಟ್ರೀಟ್ ಫೈಟರ್ 2 ಟರ್ಬೊ’ ಇದಕ್ಕೆ ಪ್ರಸಿದ್ಧ ನಿದರ್ಶನ: ಅದರ ಅಮೆರಿಕದ ಆವೃತ್ತಿಯಲ್ಲಿ ಕಂಪ್ಯೂಟರ್ ಎದುರಾಳಿ ಜಪಾನಿ ಆವೃತ್ತಿಗಿಂತ ಬಹಳ ನಿರ್ದಯಿ, ನಾವು ಗುಂಡಿ ಒತ್ತಿದೊಡನೆಯೇ ಉತ್ತರ ಕೊಡುವಂತೆ ವರ್ತಿಸುತ್ತಾನೆ. ಡಿಜಿಟಲ್ ಎಕ್ಲಿಪ್ಸ್ ತಯಾರಿಸಿದ ‘ಸ್ಟ್ರೀಟ್ ಫೈಟರ್ 30ತ್ ಆನಿವರ್ಸರಿ ಕಲೆಕ್ಷನ್’ 2018ರ ಮೇ ತಿಂಗಳಲ್ಲಿ ಪಶ್ಚಿಮದ ಮಾರುಕಟ್ಟೆಗೆ ಬಂದಾಗ ಅದರಲ್ಲಿದ್ದುದು ಇಂಗ್ಲಿಷ್ ಆವೃತ್ತಿಗಳು ಮಾತ್ರ. ಒಬ್ಬರೇ ಕುಳಿತು ಆ ಆಟವನ್ನು ಕೊನೆಯವರೆಗೆ ಆಡಲು ಹೊರಟವರಿಗೆ ಸಿಕ್ಕಿದ್ದು ಆ ಕಠಿಣ ಆವೃತ್ತಿ, ಬೇರೆ ಆಯ್ಕೆ ಇರಲಿಲ್ಲ. ಹನ್ನೆರಡು ಆಟಗಳ ಆ ದೊಡ್ಡ ಸಂಕಲನದ ಮುಂದೆ ಏಳು ಆಟಗಳ ಈ ಸಂಕಲನ ನನಗೆ ಹೆಚ್ಚು ಪ್ರಾಮಾಣಿಕವಾಗಿ ಕಾಣುವುದು ಈ ಒಂದು ಕಾರಣಕ್ಕೆ. ಕ್ಯಾಪ್‌ಕಾಮ್ ಈ ಪಾಠವನ್ನು 2022ರ ‘ಕ್ಯಾಪ್‌ಕಾಮ್ ಫೈಟಿಂಗ್ ಕಲೆಕ್ಷನ್’ ಹೊತ್ತಿಗೇ ಕಲಿತಿತ್ತು; ಜಪಾನಿನ ಹೊರಗೆ ಬಿಡುಗಡೆಯನ್ನೇ ಕಾಣದಿದ್ದ ‘ವ್ಯಾಂಪೈರ್ ಹಂಟರ್ 2’ ಮತ್ತು ‘ವ್ಯಾಂಪೈರ್ ಸೇವಿಯರ್ 2’ ಅದರಲ್ಲಿದ್ದವು.

ಮನೆಯ ಆವೃತ್ತಿಗಳ ವಿಷಯದಲ್ಲಿ ಪ್ರದೇಶ ಇನ್ನೂ ಎರಡು ರೀತಿಯಲ್ಲಿ ಕೈಯಾಡಿಸುತ್ತಿತ್ತು. ಮೊದಲನೆಯದು ಟಿವಿಯದು. ಯುರೋಪಿನ ಟಿವಿಗಳು ಸೆಕೆಂಡಿಗೆ 50 ಸಲ ಚಿತ್ರ ಬದಲಿಸುವ ಪದ್ಧತಿಯವು, ಜಪಾನ್ ಮತ್ತು ಅಮೆರಿಕದವು 60 ಸಲ. ಪ್ರತಿ ಫ್ರೇಮ್‌ಗೂ ಲೆಕ್ಕವಿಟ್ಟು ಕಟ್ಟಿದ ಆಟವನ್ನು ಹೊಂದಿಸದೆ 50ಕ್ಕೆ ಇಳಿಸಿದರೆ ಅದು ಆರನೇ ಒಂದು ಪಾಲು ನಿಧಾನವಾಗುತ್ತದೆ, ತೆರೆಯ ಮೇಲೆ ಕೆಳಗೆ ಕಪ್ಪು ಪಟ್ಟಿಗಳೂ ಬೀಳುತ್ತವೆ. ‘ಸ್ಟ್ರೀಟ್ ಫೈಟರ್ 2’ ಆಟದ ಯುರೋಪಿನ ಸೂಪರ್ ನಿಂಟೆಂಡೊ ಆವೃತ್ತಿ ಹಾಗೆಯೇ ಇತ್ತು. ಎರಡನೆಯದು ನೀತಿಯದು. 1993ರ ಸೆಪ್ಟೆಂಬರ್‌ನಲ್ಲಿ ‘ಮಾರ್ಟಲ್ ಕಾಂಬ್ಯಾಟ್’ ಮನೆಗೆ ಬಂದಾಗ ಸೂಪರ್ ನಿಂಟೆಂಡೊದಲ್ಲಿ ರಕ್ತದ ಬದಲು ಬೂದುಬಣ್ಣದ ಬೆವರು ಹಾರುತ್ತಿತ್ತು, ಸೆಗಾ ಜೆನೆಸಿಸ್‌ನಲ್ಲಿ ಗುಪ್ತ ಸಂಕೇತ ಒತ್ತಿದವರಿಗೆ ರಕ್ತ ಕಾಣುತ್ತಿತ್ತು. ಮರುವರ್ಷ ಬಂದ ‘ಮಾರ್ಟಲ್ ಕಾಂಬ್ಯಾಟ್ 2’ರ ಜಪಾನಿ ಸೂಪರ್ ಫ್ಯಾಮಿಕಾಮ್ (ಸೂಪರ್ ನಿಂಟೆಂಡೊಗೆ ಅಲ್ಲಿನ ಹೆಸರು) ಆವೃತ್ತಿಯಲ್ಲಿ ರಕ್ತ ಹಸಿರಾಗಿತ್ತು. ಅಂಥ ಯಾವ ಕಾಟವೂ ಇಲ್ಲದೆ ಜಗತ್ತಿನಾದ್ಯಂತ ಒಂದೇ ವೇಗದಲ್ಲಿ, ಒಂದೇ ರೂಪದಲ್ಲಿ ಆಟ ಸಿಗುವುದು ಇಂದಿನವರಿಗೆ ಸಹಜವೆನಿಸಬಹುದು, ಆದರೆ ಅದು ಬಹಳ ತಡವಾಗಿ ಬಂದ ಸೌಕರ್ಯ.

ಚಿತ್ರದ ವಿಷಯದಲ್ಲೂ ಸಂಕಲನ ನಿಷ್ಠೆಯಿಂದಿದೆ. ಸಿಪಿಎಸ್-2 ಆಟಗಳ ಚಿತ್ರ 384 ಚುಕ್ಕೆ ಅಗಲ, 224 ಚುಕ್ಕೆ ಎತ್ತರದ್ದು, ಆದರೆ ಅದನ್ನು ತೋರಿಸಬೇಕಾದುದು 4:3 ಅನುಪಾತದ ತೆರೆಯ ಮೇಲೆ. ಅಂದರೆ ಪ್ರತಿ ಚುಕ್ಕೆಯೂ ಅಗಲಕ್ಕಿಂತ ಎತ್ತರವಾಗಿರಬೇಕು. ಚುಕ್ಕೆಗಳನ್ನು ಚೌಕವಾಗಿ ತೋರಿಸಿದರೆ ಎಲ್ಲ ಪಾತ್ರಗಳೂ ಅಡ್ಡಕ್ಕೆ ಊದಿಕೊಂಡಂತೆ ಕಾಣುತ್ತವೆ. ಸ್ಯಾಟರ್ನ್‌ನಲ್ಲಿ ಇದಕ್ಕೆ ಹತ್ತಿರದ ಅಗಲವೆಂದರೆ 352 ಚುಕ್ಕೆ, ಆದ್ದರಿಂದ ಅತ್ಯುತ್ತಮವೆನಿಸಿದ ಆ ಆವೃತ್ತಿಗಳೂ ಈ ವಿಷಯದಲ್ಲಿ ರಾಜಿಯಾಗಬೇಕಾಗಿತ್ತು. ಇಲ್ಲಿ ಮೂಲದ ಅನುಪಾತ ಸರಿಯಾಗಿ ಉಳಿದಿದೆ, ಹಳೆಯ ಟಿವಿಯ ಗೆರೆಗಳನ್ನು ಅನುಕರಿಸುವ ಫಿಲ್ಟರ್‌ಗಳೂ ಇವೆ. ಫಿಲ್ಟರ್ ಹಾಕದೆ ನೋಡುವುದು ನನಗೆ ಇಷ್ಟ. ಕ್ಯಾಪ್‌ಕಾಮ್ ಚಿತ್ರಕಾರರ ಗೆರೆಯ ಬಿಗಿ ಹಾಗೆ ಚೆನ್ನಾಗಿ ಕಾಣುತ್ತದೆ.

ತರಬೇತಿ ವಿಭಾಗದಲ್ಲಿ ಹೊಡೆತ ತಗಲುವ ವಲಯಗಳನ್ನು ತೆರೆಯ ಮೇಲೆ ನೋಡಬಹುದು. ಆರ್ಕೇಡ್‌ನಲ್ಲಿ ವರ್ಷಗಟ್ಟಲೆ ಊಹೆಯಿಂದ ಕಲಿತದ್ದನ್ನು ಇಲ್ಲಿ ಕಣ್ಣಾರೆ ಪರೀಕ್ಷಿಸಿ ನೋಡುವ ಅವಕಾಶ ಅಮೂಲ್ಯವಾದದ್ದು. ದೂರದ ಎದುರಾಳಿಯೊಂದಿಗೆ ಇಂಟರ್‌ನೆಟ್ ಮೂಲಕ ಆಡಲು, ಸಂಪರ್ಕದ ವಿಳಂಬವನ್ನು ಮರೆಮಾಚುವ ರೋಲ್‌ಬ್ಯಾಕ್ ವ್ಯವಸ್ಥೆ ಇದೆ, ಸಂಪರ್ಕ ಚೆನ್ನಾಗಿದ್ದರೆ ಆಟ ಸಲೀಸು. ಚಿತ್ರ ಮತ್ತು ಸಂಗೀತದ ಸಂಗ್ರಹಾಲಯವೂ ಉಂಟು. ‘ದಿ ಪನಿಷರ್’ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಬ್ಬರು ಕುಳಿತು ಆಡಲು ಸೊಗಸಾದ ಆಟ, ಜೆನೆಸಿಸ್‌ಗೆ ಬಂದ ಬಡಕಲು ಆವೃತ್ತಿಯನ್ನಷ್ಟೇ ಕಂಡವರು ಇದನ್ನು ಹೊಸ ಆಟವೆಂದೇ ತಿಳಿದು ಆಡಬಹುದು.

ಆದರೆ ಮುಟ್ಟದೆ ಬಿಟ್ಟ ಆ ಇನ್ನರ್ಧದ ಮಾತನ್ನು ಹೇಳಲೇಬೇಕು. ಆರ್ಕೇಡ್ ಆವೃತ್ತಿಯೇ ಮೂಲ, ಮನೆಯ ಆವೃತ್ತಿ ಅದರ ಕುಂದಿದ ನಕಲು ಎಂಬ ಭಾವನೆಯ ಮೇಲೆ ಇಂಥ ಸಂಕಲನಗಳು ನಿಂತಿವೆ. ‘ಇಎಕ್ಸ್ ಎಡಿಷನ್’ ನೋಡಿದರೆ ಅದು ನಿಜವೆನಿಸುತ್ತದೆ. ಎಲ್ಲ ಕಡೆಯೂ ಅದು ನಿಜವಲ್ಲ. 1998ರ ‘ಸ್ಟ್ರೀಟ್ ಫೈಟರ್ ಆಲ್ಫಾ 3’ ಪ್ಲೇಸ್ಟೇಷನ್‌ಗೆ ಬಂದಾಗ ಗೈಲ್, ಫೀ ಲಾಂಗ್, ಡೀ ಜೇ, ಟಿ. ಹಾಕ್ ಮೊದಲಾದವರು ಹೊಸದಾಗಿ ಸೇರಿದರು, ಆರ್ಕೇಡ್‌ನಲ್ಲಿಲ್ಲದ ‘ವರ್ಲ್ಡ್ ಟೂರ್’ ಎಂಬ ದೀರ್ಘ ವಿಭಾಗವೂ ಬಂತು. 2018ರ ಸಂಕಲನದಲ್ಲಿ ಆರ್ಕೇಡ್ ಆವೃತ್ತಿ ಇದ್ದುದರಿಂದ ಅವರಾರೂ ಅಲ್ಲಿರಲಿಲ್ಲ. ಮನೆಯಲ್ಲಿ ಆ ಆಟವನ್ನು ಕಲಿತವರಿಗೆ ತಮ್ಮ ಪಾತ್ರವೇ ಪಟ್ಟಿಯಲ್ಲಿ ಕಾಣಲಿಲ್ಲ. ಆ ಪಾತ್ರಗಳನ್ನು ಒಳಗೊಂಡ ‘ಆಲ್ಫಾ 3 ಅಪ್ಪರ್’ ಎಂಬ 2001ರ ಆರ್ಕೇಡ್ ಆವೃತ್ತಿ 2025ರ ಮೇ ತಿಂಗಳ ‘ಕ್ಯಾಪ್‌ಕಾಮ್ ಫೈಟಿಂಗ್ ಕಲೆಕ್ಷನ್ 2’ರಲ್ಲಿ ಬಂದು ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ನೀಗಿತು. ಅಲ್ಲಿಯೂ ಒಳಗೆ ಬರಲು ದೊರೆತ ದಾರಿ ಆರ್ಕೇಡ್‌ನದೇ ಎಂಬುದನ್ನು ಗಮನಿಸಬೇಕು.

ಮಾರ್ವೆಲ್ ಸಂಕಲನದಲ್ಲೂ ಇಂಥ ನಷ್ಟಗಳಿವೆ. 1999ರಲ್ಲಿ ‘ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್’ ಸೆಗಾ ಡ್ರೀಮ್‌ಕಾಸ್ಟ್‌ಗೆ ಬಂದಾಗ ಅದರಲ್ಲಿ ‘ಕ್ರಾಸ್ ಫೀವರ್’ ಎಂಬ ವಿಭಾಗವಿತ್ತು. ಆ ಯಂತ್ರಕ್ಕೆ ನಾಲ್ಕು ಕಂಟ್ರೋಲರ್ ಜೋಡಿಸಬಹುದಾದ್ದರಿಂದ ನಾಲ್ವರೂ ಒಟ್ಟಿಗೆ, ಪ್ರತಿಯೊಬ್ಬರೂ ಒಂದೊಂದು ಪಾತ್ರವನ್ನು ಹಿಡಿದು ಆಡಬಹುದಿತ್ತು. ಆರ್ಕೇಡ್‌ನ ಎರಡು ಸ್ಟಿಕ್‌ಗಳ ಯಂತ್ರಕ್ಕೆ ಸಾಧ್ಯವಿಲ್ಲದ ಆಟವದು, ಮನೆಗೆಂದೇ ಹುಟ್ಟಿದ್ದು. ಅದೇ ಆಟದ ಪ್ಲೇಸ್ಟೇಷನ್ ಆವೃತ್ತಿಯಲ್ಲಿ ಮತ್ತೆ ಮೆಮೊರಿ ಸಾಲದೆ ಪಾತ್ರ ಬದಲಾವಣೆಯನ್ನು ಕೈಬಿಟ್ಟಿದ್ದರು, ಆದರೆ ಎರಡೂ ಕಡೆಯವರು ಒಂದೇ ಜೋಡಿ ಪಾತ್ರಗಳನ್ನು ಇಟ್ಟುಕೊಂಡರೆ ಬದಲಾವಣೆ ಸಾಧ್ಯವಾಗುವ ಒಂದು ವಿಭಾಗವನ್ನು ಕೊಟ್ಟಿದ್ದರು. ನಾಲ್ಕು ಪಾತ್ರಗಳಿಗೆ ಜಾಗವಿಲ್ಲದ ಯಂತ್ರದಲ್ಲಿ ಇಬ್ಬರನ್ನೇ ನಾಲ್ವರನ್ನಾಗಿ ಆಡಿಸಿದ ಆ ಉಪಾಯ ನನಗೆ ಇಂದಿಗೂ ಮೆಚ್ಚುಗೆಯದು. ಈ ಎರಡೂ ಸಂಕಲನದಲ್ಲಿಲ್ಲ, ಅವು ಇದ್ದವೆಂದು ಹೇಳುವ ಒಂದು ಸಾಲೂ ನನ್ನ ಕಣ್ಣಿಗೆ ಬೀಳಲಿಲ್ಲ. ಆವೃತ್ತಿಗಳ ಇತಿಹಾಸವನ್ನು ವಿವರಿಸುವ ಕೆಲವು ಪುಟಗಳನ್ನಾದರೂ ಸಂಗ್ರಹಾಲಯದಲ್ಲಿ ಸೇರಿಸಬೇಕಾಗಿತ್ತು.

‘ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ 2’ರ ಸ್ಥಿತಿ ಬೇರೆ. ಅದರ ಆರ್ಕೇಡ್ ಬೋರ್ಡ್ ಆದ ನಯೋಮಿ ಮತ್ತು ಡ್ರೀಮ್‌ಕಾಸ್ಟ್ ಒಂದೇ ಮನೆತನದವು. ನಯೋಮಿಯಲ್ಲಿ 32 ಮೆಗಾಬೈಟ್ ಮುಖ್ಯ ಮೆಮೊರಿ, ಡ್ರೀಮ್‌ಕಾಸ್ಟ್‌ನಲ್ಲಿ 16. ಹಾಗಾಗಿ ಮನೆಯ ಆವೃತ್ತಿ ಮೂಲಕ್ಕೆ ಬಹಳ ಹತ್ತಿರವಿತ್ತು, ಪಾತ್ರಗಳನ್ನು ಅಂಕ ಕೂಡಿಸಿ ಒಂದೊಂದಾಗಿ ಬಿಡಿಸಿಕೊಳ್ಳಬೇಕಾದುದೇ ಮುಖ್ಯ ತೊಡಕು. 2009ರಲ್ಲಿ ಡೌನ್‌ಲೋಡ್ ರೂಪದಲ್ಲಿ ಬಂದ ಆವೃತ್ತಿಯನ್ನು 2013ರ ಡಿಸೆಂಬರ್‌ನಲ್ಲಿ ಮಾರಾಟದಿಂದ ಹಿಂತೆಗೆದುಕೊಂಡ ಮೇಲೆ, ಮುಂದಿನ ಹತ್ತು ವರ್ಷಕ್ಕೂ ಹೆಚ್ಚು ಕಾಲ ಈ ಆಟವನ್ನು ಕನ್ಸೋಲ್‌ಗಳಿಗೆ ಹೊಸದಾಗಿ ಕೊಳ್ಳುವ ದಾರಿ ಮುಚ್ಚಿಹೋಗಿತ್ತು. ಈಗ 56 ಪಾತ್ರಗಳೂ ಮೊದಲ ಕ್ಷಣದಿಂದಲೇ ತೆರೆದಿವೆ.

ಹೀಗಾಗಿ ಕೊಳ್ಳುವವರಿಗೆ ನಾನು ಹೇಳುವುದಿಷ್ಟು. ಈ ಆಟಗಳನ್ನು ಪ್ಲೇಸ್ಟೇಷನ್‌ನಲ್ಲಿ ಮಾತ್ರ ಕಂಡವರು ಸಂಕಲನವನ್ನು ನಿಸ್ಸಂಕೋಚವಾಗಿ ತೆಗೆದುಕೊಂಡು, 1996 ಮತ್ತು 1997ರ ಎರಡು ಆಟಗಳಿಂದ ಶುರುಮಾಡಲಿ. ಮೊದಲು ಇಂಗ್ಲಿಷ್ ಆವೃತ್ತಿ, ಆಮೇಲೆ ಜಪಾನಿ ಆವೃತ್ತಿ ಎಂಬ ಕ್ರಮದಲ್ಲಿ ಆಡಿದರೆ ವ್ಯತ್ಯಾಸಗಳು ತಾವಾಗಿ ತಿಳಿಯುತ್ತವೆ. ಸ್ಯಾಟರ್ನ್ ಮತ್ತು ಮೆಮೊರಿ ಕಾರ್ಟ್ರಿಡ್ಜ್ ಇಟ್ಟುಕೊಂಡವರಿಗೆ ಕಾಯುವಿಕೆ ಇಲ್ಲದ ಆಟ, ದೂರದ ಎದುರಾಳಿಗಳು ಮತ್ತು ತರಬೇತಿ ವಿಭಾಗ ಹೊಸದಾಗಿ ಸಿಗುತ್ತವೆ. ಡ್ರೀಮ್‌ಕಾಸ್ಟ್‌ನ ‘ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್’ ಡಿಸ್ಕ್ ಯಾರ ಬಳಿಯಾದರೂ ಇದ್ದರೆ ಅದನ್ನು ಮಾರಿಬಿಡಬಾರದು, ಏಕೆಂದರೆ ನಾಲ್ವರು ಒಟ್ಟಿಗೆ ಕುಳಿತು ಆಡುವ ‘ಕ್ರಾಸ್ ಫೀವರ್’ಗೆ ಈ ಸಂಕಲನದಲ್ಲಿ ಬದಲಿಯಿಲ್ಲ.